ಉಟ್ಟ ಬಟ್ಟೆಯ ಮಾರಾಟವೂ ಕಾಯಕಧರ್ಮವೂ

ಅನ್ನದ ತರುವಾಯ ಮಾನವನಿಗೆ ಅಗತ್ಯವಾದುದು ವಸ್ತ್ರ. ಅನ್ನವು ಪ್ರಾಣವನ್ನು ಕಾಯುತ್ತದೆ. ವಸ್ತ್ರವು ಮಾನವನ್ನು ಕಾಯುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಅನ್ನದಾನದ ಜೊತೆಗೆ ವಸ್ತ್ರದಾನವನ್ನೂ ಹೇಳಿದರು. ಆದರೆ ಈ ಎರಡಕ್ಕೂ ಒಂದು ಅಂತರವುಂಟು. ಒಬ್ಬನು ಉಂಡ ಅನ್ನ ಮತ್ತೊಬ್ಬನಿಗೆ ಸಲ್ಲದು. ಒಬ್ಬನು ಉಟ್ಟ ಬಟ್ಟೆ ಮತ್ತೊಬ್ಬನಿಗೆ ಸಲ್ಲುತ್ತದೆ. ಹಾಗೆ ಸಲ್ಲುವ ವಸ್ತುವನ್ನು ಕೊಡಬೇಕೋ, ಮಾರಬಹುದೋ, ಮಾರಿದರೆ ಯಾವ ಬೆಲೆಗೆ ಮಾರಬೇಕು ಎಂಬ ಪ್ರಶ್ನೆ ಈಚೆಗೆ ನಮ್ಮೆದುರಿಗೆ ಬಂದಿತು. ಅದನ್ನು ಸದ್ಭಕ್ತರ ಮುಂದಿಟ್ಟು ವಿಚಾರ ಮಾಡುವುದು ಯೋಗ್ಯವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಆಳಂದ ತಾಲೂಕಿನ ಒಬ್ಬ ತರುಣ ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಪದವಿಯ ನಂತರ ಪುಣೆಗೆ ಹೋಗಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲವು ವರ್ಷ ದುಡಿದ. ಅಲ್ಲಿ ಮಹಾನಗರದ ಯುವಕ ಯುವತಿಯರು ಹಳೆಯ ಕಾಲದ ಸೀರೆ, ಕೋಟು, ಶಾಲುಗಳನ್ನು ಹೊಸದಕ್ಕಿಂತ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವುದನ್ನು ಕಂಡ. ಇದಕ್ಕೆ ಅವರು ‘ವಿಂಟೇಜ್’ ಎಂದು ಹೆಸರಿಟ್ಟಿದ್ದಾರೆ. ಆ ಶಬ್ದ ಮೊದಲು ದ್ರಾಕ್ಷಿಯ ಸುಗ್ಗಿಗೆ ಸಂಬಂಧಿಸಿದುದು. ಬಳಿಕ ಹಳೆಯ ದ್ರಾಕ್ಷಾರಸಕ್ಕೆ, ಅನಂತರ ಹಳೆಯ ಮೋಟಾರುಗಳಿಗೆ, ಕೊನೆಗೆ ಹಳೆಯ ಉಡುಪಿಗೆ ಬಂದು ನಿಂತಿತು. ಸಾಮಾನ್ಯವಾಗಿ ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟ ಬಟ್ಟೆಗೆ ವ್ಯಾಪಾರಿಗಳು ಈ ಹೆಸರನ್ನು ಬಳಸುತ್ತಾರೆ. ತರುಣನು ಊರಿಗೆ ಮರಳಿ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಪೆಟ್ಟಿಗೆಯೊಳಗೆ ಮಡಿಸಿಟ್ಟ ಹಳೆಯ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿಯ ಕುಪ್ಪಸ, ರುಮಾಲು, ಉಣ್ಣೆಯ ಕೋಟುಗಳನ್ನು ಕೊಂಡು, ತೊಳೆಸಿ, ಹೊಲಿಸಿ ಮಾರುವ ಸಣ್ಣ ಉದ್ಯೋಗವನ್ನು ಆರಂಭಿಸುವೆನೆಂದ. ಮನೆಯವರು ಒಪ್ಪಲಿಲ್ಲ. ಆಶೀರ್ವಾದ ಬೇಡಿ ಮಠಕ್ಕೆ ಬಂದ.

ಮನೆಯವರ ಆಕ್ಷೇಪಗಳು ಮೂರು. ಅನ್ಯರು ಉಟ್ಟುದು ಮೈಲಿಗೆ, ಅದರಲ್ಲೂ ಸತ್ತವರ ಬಟ್ಟೆ ಅಮಂಗಳ ಎಂಬುದು ತಾಯಿಯ ಮಾತು. ಓದಿದ ಮಗ ಚಿಂದಿ ವ್ಯಾಪಾರ ಮಾಡಿದರೆ ಮನೆತನದ ಮರ್ಯಾದೆ ಏನಾದೀತು ಎಂಬುದು ತಂದೆಯ ಮಾತು. ಬಡವರಿಗೆ ಪುಕ್ಕಟೆ ಕೊಡಬೇಕಾದುದನ್ನು ಮಾರಿ ಗಳಿಸುವುದು ಪಾಪ ಎಂಬುದು ಅಜ್ಜಿಯ ಮಾತು. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಮೈಲಿಗೆಯ ಪ್ರಶ್ನೆ. ನಮ್ಮ ನಾಡಿನಲ್ಲಿ ಹುಟ್ಟಿದ ಕೂಸಿನ ಮೈಗೆ ಮೊಟ್ಟಮೊದಲು ತಾಗುವ ಬಟ್ಟೆ ಯಾವುದು? ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲ. ಅಜ್ಜಿ ಉಟ್ಟು ಉಟ್ಟು ಮೆತ್ತಗಾದ ಹಳೆಯ ಸೀರೆಯ ತುಂಡು. ಹೊಸ ಬಟ್ಟೆಯ ಗಂಜಿ ಎಳೆಯ ಚರ್ಮಕ್ಕೆ ಒತ್ತುತ್ತದೆ, ಹಳೆಯದು ಒತ್ತುವುದಿಲ್ಲ. ನಾವು ಹೊದ್ದು ಬೆಳೆದ ಕೌದಿ ಯಾವುದರಿಂದಾದುದು? ಅಪ್ಪನ ಧೋತರ, ಅವ್ವನ ಸೀರೆ, ತಂಗಿಯ ಪರಕಾರ, ಇವೆಲ್ಲವನ್ನೂ ಪದರು ಪದರಾಗಿ ಹಾಸಿ, ಸಾಲು ಹಿಡಿದು ಹೊಲಿದುದು. ಅದರಲ್ಲಿ ಸತ್ತವರ ಬಟ್ಟೆಯೂ ಇರುತ್ತದೆ, ಬದುಕಿದವರದೂ ಇರುತ್ತದೆ. ಅಜ್ಜ ತೀರಿಹೋದ ಮೇಲೆ ಅವನ ಧೋತರ ಸೇರಿದ ಕೌದಿಯನ್ನು ಯಾರೂ ಅಮಂಗಳವೆಂದು ಎಸೆಯಲಿಲ್ಲ, ಮೊಮ್ಮಗನಿಗೆ ಹೊದಿಸಿದರು. ಹಾಗಾದರೆ ಮೈಲಿಗೆಯೆಂಬುದು ಬಟ್ಟೆಯಲ್ಲಿ ಇಲ್ಲ, ಅದು ‘ನಮ್ಮವರು’ ಮತ್ತು ‘ಅನ್ಯರು’ ಎಂಬ ಭೇದದಲ್ಲಿದೆ ಎಂದಾಯಿತು. ಈ ಭೇದವನ್ನು ಅಳಿಸಲೆಂದೇ ಅಲ್ಲವೆ ಹನ್ನೆರಡನೆಯ ಶತಮಾನದ ಶರಣರು ಹೋರಾಡಿದುದು? ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಒಗೆದು ಮಡಿ ಮಾಡಿದರು. ಅನ್ಯರ ಕೊಳೆಯನ್ನು ಕೈಯಿಂದ ಮುಟ್ಟಿದ ಆ ಮಹಾನುಭಾವರೇ ಮಡಿಯ ಅರ್ಥವನ್ನು ನಮಗೆ ಕಲಿಸಿದವರು. ನೀರಿನಿಂದ ಹೋಗುವುದು ಕೊಳೆ. ನೀರಿನಿಂದಲೂ ಹೋಗದಿರುವುದು ಮನಸ್ಸಿನ ಮೈಲಿಗೆ.

ಆದರೂ ತಾಯಿಯ ಭಯದಲ್ಲಿ ಒಂದು ವಿವೇಕವಿದೆ, ಅದನ್ನು ತಳ್ಳಿಹಾಕಲಾಗದು. ರೋಗವು ಬಟ್ಟೆಯೊಡನೆ ಬರಬಹುದೆಂಬ ಅಂಜಿಕೆ ಪ್ಲೇಗಿನ ಕಾಲದಿಂದ ನಮ್ಮ ಜನರ ನೆನಪಿನಲ್ಲಿದೆ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಸಂಭವಿಸಿದುದು ನಮ್ಮ ಕಲಬುರಗಿಯಲ್ಲಿಯೇ. ಆಗ ನಮ್ಮ ಜಿಲ್ಲೆಯ ಜನ ಪಟ್ಟ ದಿಗಿಲನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಈ ಉದ್ಯೋಗ ಮಾಡುವವನು ಒಳ ಉಡುಪುಗಳನ್ನು ಮುಟ್ಟಬಾರದು. ತಡೆಯುವ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು, ಸುಡುಬಿಸಿಲಿನಲ್ಲಿ ಒಣಗಿಸಬೇಕು. ರೇಷ್ಮೆಯನ್ನು ನೆರಳಿನಲ್ಲಿ ಆರಿಸಬೇಕು. ಬಿಸಿಲಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಇದು ಮಡಿಯ ನಿಯಮವಲ್ಲ, ಆರೋಗ್ಯದ ನಿಯಮ.

ಎರಡನೆಯದು ಮರ್ಯಾದೆಯ ಪ್ರಶ್ನೆ. ಹಳೆಯ ಬಟ್ಟೆಯ ವ್ಯಾಪಾರ ಹೊಸದೇನೂ ಅಲ್ಲ. ತಲೆಯ ಮೇಲೆ ಭಾಂಡೆಯ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ, ಹಳೆಯ ಬಟ್ಟೆಗೆ ಸ್ಟೀಲಿನ ಡಬರಿ ಕೊಡುವ ಹೆಣ್ಣುಮಕ್ಕಳನ್ನು ನಮ್ಮ ಓದುಗರಲ್ಲಿ ನೋಡದವರು ಯಾರು? ಎರಡು ಸೀರೆ, ಮೂರು ಅಂಗಿ, ಒಂದು ಪ್ಯಾಂಟಿಗೆ ಒಂದು ತಾಟು ಕೊಡುವಾಗ ನಮ್ಮ ಮನೆಗಳವರು ಹೊಸ್ತಿಲಲ್ಲಿ ನಿಂತು ಅರ್ಧ ತಾಸು ಚೌಕಾಶಿ ಮಾಡುತ್ತಾರೆ. ಆ ತಾಯಂದಿರು ಒಯ್ದ ಬಟ್ಟೆ ವಿಂಗಡಗೊಂಡು, ಸಂತೆಗಳನ್ನು ಸೇರಿ, ಉಡಲಾರದುದು ಒರಸುವ ಬಟ್ಟೆಯಾಗಿ, ಇಲ್ಲವೆ ನೂಲಾಗಿ ತಿರುಗಿ ಬರುತ್ತದೆ. ಹರಿಯಾಣದ ಪಾಣಿಪತ್ ನಗರದಲ್ಲಿ ಚಿಂದಿಯನ್ನು ಸೀಳಿ ಮತ್ತೆ ನೂತು ಕಂಬಳಿ ನೇಯುವ ದೊಡ್ಡ ಉದ್ಯಮವೇ ಇದೆ. ನಮ್ಮ ಬಡವರ ಚಳಿಯನ್ನು ಕಳೆಯುವ ಅಗ್ಗದ ಕಂಬಳಿಗಳಲ್ಲಿ ಬಹುಪಾಲು ಅಲ್ಲಿಯವು. ಇಷ್ಟು ಉಪಕಾರದ ಕೆಲಸವನ್ನು ಮಾಡುವ ಬುಟ್ಟಿಯ ಹೆಣ್ಣುಮಗಳಿಗೆ ಕುಡಿಯಲು ನೀರನ್ನು ಹೊರಗೇ ಕೊಡುತ್ತೇವೆ. ಅದೇ ಕೆಲಸವನ್ನು ಪದವೀಧರನೊಬ್ಬ ಇಂಗ್ಲಿಷ್ ಹೆಸರಿಟ್ಟು ಗಾಜಿನ ಅಂಗಡಿಯಲ್ಲಿ ಮಾಡಿದರೆ ಅದು ಗೌರವದ ಉದ್ಯಮವಾಗುತ್ತದೆ. ಇದರಲ್ಲಿ ಯಾವುದು ಮರ್ಯಾದೆ?

ಹಿಂದೆ ನಮ್ಮ ಜಿಲ್ಲೆಗೇ ಸೇರಿದ್ದು ಈಗ ಯಾದಗಿರಿ ಜಿಲ್ಲೆಯಲ್ಲಿರುವ ಮುದನೂರಿನ ದಾಸಿಮಯ್ಯನವರು ನೇಯ್ದರು. ಸೂಜಿಕಾಯಕದ ರಾಮಿತಂದೆಗಳು ಹೊಲಿದರು. ಮಾಚಿದೇವರು ಒಗೆದರು. ಒಂದು ಬಟ್ಟೆಯ ಬಾಳಿನಲ್ಲಿ ನೇಯ್ಗೆ, ಹೊಲಿಗೆ, ಒಗೆತ ಈ ಮೂರೂ ಕಾಯಕಗಳೆನಿಸಿದ ಮೇಲೆ, ಹರಿದುದನ್ನು ಹೊಲಿದು ಇನ್ನೊಬ್ಬರ ಮೈಗೆ ಮುಟ್ಟಿಸುವ ನಾಲ್ಕನೆಯದು ಮಾತ್ರ ಹೀನವಾಗುವುದು ಹೇಗೆ? ತಂದೆಯವರಿಗೆ ನಾವು ಹೇಳಿ ಕಳುಹಿಸಿದುದು ಇಷ್ಟೆ: ಮಗನು ಚಿಂದಿ ವ್ಯಾಪಾರ ಮಾಡಿದುದರಿಂದ ಮನೆತನ ಕೆಡುವುದಿಲ್ಲ, ಸುಳ್ಳು ವ್ಯಾಪಾರ ಮಾಡಿದರೆ ಕೆಡುತ್ತದೆ, ಅದು ಬಂಗಾರದ್ದೇ ಆಗಿರಲಿ.

ಮೂರನೆಯದು ಅಜ್ಜಿಯ ಪ್ರಶ್ನೆ. ಇದು ಮಿಕ್ಕ ಎರಡಕ್ಕಿಂತ ಗಹನವಾದುದು. ಕೊಡಬಹುದಾದುದನ್ನು ಮಾರಬಹುದೆ? ಇಲ್ಲಿ ನಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳುವುದು ಅನಿವಾರ್ಯ. ನಾವು ಎಂಟು ಹತ್ತು ವರ್ಷದವರಿದ್ದಾಗ ಊರಿನ ಅನುಕೂಲಸ್ಥರೊಬ್ಬರು ತಮ್ಮ ಮಗನ ಹಳೆಯ ಅಂಗಿಯೊಂದನ್ನು ನಮಗೆ ಕೊಟ್ಟರು. ಅಂಗಿ ಚೆನ್ನಾಗಿತ್ತು, ನೀಲಿ ಗೆರೆಯದು. ಮರುದಿನ ಅದನ್ನು ತೊಟ್ಟು ಶಾಲೆಗೆ ಹೋದೆವು. ಆ ಮಗನೂ ಅದೇ ತರಗತಿಯಲ್ಲಿದ್ದ. ಎಲ್ಲರ ಎದುರಿಗೆ, ‘ಅದು ನಂದು’ ಎಂದ. ದ್ವೇಷದಿಂದಲ್ಲ, ಗುರುತು ಹಿಡಿದ ಸಂತೋಷದಿಂದಲೇ ಅಂದಿರಬೇಕು. ಆದರೆ ಆ ದಿನದಿಂದ ಅಂಗಿ ನಮ್ಮ ಮೈಮೇಲಿದ್ದರೂ ನಮ್ಮದಾಗಲಿಲ್ಲ. ಮಳೆಗಾಲದಲ್ಲಿಯೂ ಅದನ್ನು ತೊಡದೆ ಒದ್ದೆಯ ಅಂಗಿಯಲ್ಲಿಯೇ ಹೋದುದುಂಟು. ಅದೇ ಅಂಗಿಯನ್ನು ನಮ್ಮ ತಂದೆಯವರು ಸಂತೆಯಲ್ಲಿ ನಾಲ್ಕಾಣೆ ಕೊಟ್ಟು ತಂದಿದ್ದರೆ ‘ಅದು ನಂದು’ ಎನ್ನುವ ಹಕ್ಕು ಯಾರಿಗೂ ಇರುತ್ತಿರಲಿಲ್ಲ. ದಾನ ಕೊಟ್ಟವರು ಸಜ್ಜನರು; ಅವರಲ್ಲಿ ದೋಷವಿಲ್ಲ. ದೋಷವಿದ್ದುದು ಕೊಟ್ಟ ವಸ್ತುವಿನೊಡನೆ ಹಿಂಬಾಲಿಸಿ ಬರುವ ಗುರುತಿನಲ್ಲಿ.

ಈ ವಿಷಯದಲ್ಲಿ ನಮ್ಮ ದೇಶದ ಇಬ್ಬರು ಮಹಾಪುರುಷರ ನಡುವೆ ಒಂದು ದೊಡ್ಡ ಚರ್ಚೆಯೇ ನಡೆದಿದೆ. 1921ರ ಜುಲೈ 31ರಂದು ಮುಂಬಯಿಯಲ್ಲಿ ಗಾಂಧೀಜಿ ವಿದೇಶೀ ಬಟ್ಟೆಯ ಹೋಳಿಯನ್ನು ಹೊತ್ತಿಸಿದರು. ರವೀಂದ್ರನಾಥ ಠಾಕೂರರಿಗೆ ಅದು ಸರಿತೋರಲಿಲ್ಲ. ಉಡಲು ಬಟ್ಟೆಯಿಲ್ಲದವರು ಇರುವ ದೇಶದಲ್ಲಿ ಬಟ್ಟೆಯನ್ನು ಸುಡುವುದು ಯಾವ ನ್ಯಾಯವೆಂದು ಅವರು ಕೇಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಗಾಂಧೀಜಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಉತ್ತರವಿತ್ತರು. ಬಡವನಿಗೆ ಬೇಕಾದುದು ಕೆಲಸ, ಕೆಲಸದ ಬದಲಿಗೆ ನಮಗೆ ಬೇಡವಾದ ಬಟ್ಟೆಯನ್ನು ಕೊಟ್ಟರೆ ಅವನಿಗೆ ಅಪಮಾನ ಮಾಡಿದಂತೆ ಎಂಬುದು ಅವರ ಆಶಯ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಬಟ್ಟೆಯನ್ನು ನಾಶಮಾಡಬಾರದೆಂಬ ಕವಿಯ ಮಾತು ಸತ್ಯ; ಬಡವನಿಗೆ ಬೇಡುವವನ ಸ್ಥಾನವನ್ನು ಕೊಡಬಾರದೆಂಬ ಮಹಾತ್ಮರ ಮಾತು ಅದಕ್ಕಿಂತಲೂ ಸತ್ಯ. ಈ ಎರಡು ಸತ್ಯಗಳನ್ನು ಒಂದುಗೂಡಿಸಿ ನಡೆಯುವ ದಾರಿಯೂ ಇದೆ. 1999ರಲ್ಲಿ ಅಂಶು ಗುಪ್ತಾ ಎಂಬವರು ದೆಹಲಿಯಲ್ಲಿ ‘ಗೂಂಜ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಪಟ್ಟಣಗಳ ಹಳೆಯ ಬಟ್ಟೆಯನ್ನು ಸಂಗ್ರಹಿಸಿ ಹಳ್ಳಿಗಳಿಗೆ ಒಯ್ಯುತ್ತದೆ. ಆದರೆ ಪುಕ್ಕಟೆ ಹಂಚುವುದಿಲ್ಲ. ಹಳ್ಳಿಯ ಜನ ತಾವೇ ಕೂಡಿ ಬಾವಿ ತೋಡುತ್ತಾರೆ, ದಾರಿ ಸರಿಪಡಿಸುತ್ತಾರೆ. ಆ ದುಡಿಮೆಗೆ ಪ್ರತಿಯಾಗಿ ಬಟ್ಟೆಯನ್ನು ಪಡೆಯುತ್ತಾರೆ. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಕಾಯಕವಿಲ್ಲದೆ ಪ್ರಸಾದವಿಲ್ಲ ಎಂಬ ನಮ್ಮ ತತ್ತ್ವವೇ ಅಲ್ಲಿ ಬೇರೊಂದು ಹೆಸರಿನಿಂದ ನಡೆದಿದೆ.

ಹಾಗೆಂದು ದಾನ ಬೇಡವೆಂದಲ್ಲ. ದುಡಿಯಲಾರದ ವೃದ್ಧರಿಗೆ, ರೋಗಿಗಳಿಗೆ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಕೊಡಲೇಬೇಕು. ಭೀಮೆಯ ದಂಡೆಯ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳು 2020ರ ಅಕ್ಟೋಬರಿನಲ್ಲಿ ಮುಳುಗಿದಾಗ ಬೆಲೆ ಕೇಳುವ ಪ್ರಸಂಗವೇ ಇರಲಿಲ್ಲ. ಆದರೆ ದುಡಿಯುವ ಮನುಷ್ಯನಿಗೆ ಕಡಿಮೆ ಬೆಲೆಯ ಒಳ್ಳೆಯ ಬಟ್ಟೆಯನ್ನು ಆರಿಸಿಕೊಳ್ಳುವ, ಚೌಕಾಶಿ ಮಾಡುವ, ಬೇಡವೆಂದು ಬಿಟ್ಟುಹೋಗುವ ಅವಕಾಶವೂ ಒಂದು ದೊಡ್ಡ ಕೊಡುಗೆಯೇ. ದಾನ ಪಡೆಯುವವನಿಗೆ ‘ಇದು ಬೇಡ’ ಎನ್ನುವ ಸ್ವಾತಂತ್ರ್ಯವಿಲ್ಲ, ಕೊಳ್ಳುವವನಿಗೆ ಇದೆ. ಅಜ್ಜಿಗೆ ನಮ್ಮ ಉತ್ತರವಿದು.

ಇಷ್ಟನ್ನೂ ಹೇಳಿ, ಇನ್ನು ನಿರ್ವಿಘ್ನವಾಗಿ ಆರಂಭಿಸು ಎಂದು ವಿಭೂತಿ ಕೊಡುವಷ್ಟರಲ್ಲಿ ತರುಣ ತಲೆತಗ್ಗಿಸಿ ಕುಳಿತ. ಅವನ ಮನಸ್ಸನ್ನು ಕೊರೆಯುತ್ತಿದ್ದುದು ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ. ಅಫಜಲಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ತನ್ನ ಮದುವೆಯ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಅವನ ಕೈಗಿಟ್ಟಿದ್ದಳು. ಹತ್ತಿಯ ಒಡಲು, ಕೆಂಪು ರೇಷ್ಮೆಯ ಟೋಪ ತೆನಿ ಸೆರಗು, ಅಂಚಿನ ಮೇಲೆ ಕೈಯಿಂದ ಹಾಕಿದ ಗೋಪುರದ ಕಸೂತಿ. ಇನ್ನೂರು ರೂಪಾಯಿ ಕೇಳಿದಳು. ಅವನು ಇನ್ನೂರ ಐವತ್ತು ಕೊಟ್ಟ. ಅವಳು ಹರಸಿದಳು. ಆದರೆ ಪುಣೆಯಲ್ಲಿ ಆ ಸೀರೆಗೆ ಐದಾರು ಸಾವಿರ ರೂಪಾಯಿ ಬರುವುದೆಂದು ಅವನಿಗೆ ಗೊತ್ತಿತ್ತು. ‘ಬುದ್ಧಿ, ಆಕಿ ಹರಸಿದ್ದೇ ನನಗ ಚುಚ್ಚಾಕತ್ತೈತ್ರಿ’ ಎಂದ.

ಸದ್ಭಕ್ತರೆ, ಈ ಲೇಖನದ ನಿಜವಾದ ಪ್ರಶ್ನೆ ಇದು. ವ್ಯಾಪಾರದಲ್ಲಿ ಲಾಭವಿರಲೇಬೇಕು. ಹಳ್ಳಿ ಹಳ್ಳಿ ಅಲೆದು ಹುಡುಕುವುದು, ತೊಳೆಯುವುದು, ಹೊಲಿಯುವುದು, ದೂರಕ್ಕೆ ಸಾಗಿಸುವುದು, ಮಾರಾಟವಾಗದೆ ಉಳಿದುದರ ನಷ್ಟವನ್ನು ಹೊರುವುದು, ಇವೆಲ್ಲವೂ ಶ್ರಮ. ಶ್ರಮಕ್ಕೆ ಫಲ ನ್ಯಾಯವಾದುದು. ಆದರೆ ಮಾರುವವಳಿಗೆ ತನ್ನ ವಸ್ತುವಿನ ಬೆಲೆ ಗೊತ್ತಿಲ್ಲದಿರುವುದು ವ್ಯಾಪಾರಿಯ ಶ್ರಮವಲ್ಲ. ಅವಳ ಅಜ್ಞಾನದಿಂದ ಹುಟ್ಟಿದ ಲಾಭದ ಭಾಗ ಅವನ ಕಾಯಕದ ಫಲವಾಗುವುದು ಹೇಗೆ? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದು. ಆ ಅಕ್ಕಿ ಕದ್ದುದಲ್ಲ, ನೆಲಕ್ಕೆ ಬಿದ್ದುದು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಲಕ್ಕಮ್ಮನವರು ಒಪ್ಪಲಿಲ್ಲ. ಯಾರೂ ಆಕ್ಷೇಪಿಸದ ಲಾಭವೆಲ್ಲವೂ ನಮ್ಮದಲ್ಲ ಎಂಬುದನ್ನು ಆ ಮಹಾತಾಯಿ ಗುಡಿಸಲಿನಲ್ಲಿ ನಿಂತು ತೋರಿಸಿಕೊಟ್ಟರು.

ನಾವು ತರುಣನಿಗೆ ನಾಲ್ಕು ನಿಯಮಗಳನ್ನು ಹೇಳಿದೆವು. ಮೊದಲನೆಯದು, ಕೊಳ್ಳುವಾಗ ‘ಇದನ್ನು ಸುಮಾರು ಇಷ್ಟಕ್ಕೆ ಮಾರುತ್ತೇನೆ, ನನ್ನ ಖರ್ಚು ಇಷ್ಟು’ ಎಂದು ಮುಚ್ಚಿಡದೆ ಹೇಳಬೇಕು. ಅನಂತರ ಬೆಲೆ ಮಾಡಬೇಕು. ಎರಡನೆಯದು, ಮಾರುವಾಗ ಬಟ್ಟೆಯ ನಿಜವನ್ನು ಹೇಳಬೇಕು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಅದು ಬಲ್ಲವರ ಕೈಗೆ ತಿಳಿಯುತ್ತದೆ. ವಿದ್ಯುತ್ ಮಗ್ಗದ್ದನ್ನು ಕೈಮಗ್ಗದ್ದೆಂದೂ, ಹತ್ತು ವರ್ಷದ್ದನ್ನು ಐವತ್ತು ವರ್ಷದ್ದೆಂದೂ, ಬಣ್ಣದ ಎಳೆಯನ್ನು ಬೆಳ್ಳಿಯ ಜರಿಯೆಂದೂ ಹೇಳಿದರೆ ಅದು ಕಳವೇ ಸರಿ. ತೂತು, ಕಲೆ, ಹೊಲಿಗೆಯನ್ನು ತೋರಿಸಿಯೇ ಮಾರಬೇಕು. ಮೂರನೆಯದು, ಕಷ್ಟಕಾಲದಲ್ಲಿ ಮದುವೆಯ ಸೀರೆಯನ್ನು ಮಾರಲು ಬಂದವರಿಂದ ಅದೇ ದಿನ ಕೊಳ್ಳಬಾರದು. ಎಂಟು ದಿನ ಬಿಟ್ಟು ಮತ್ತೊಮ್ಮೆ ಕೇಳಬೇಕು. ಮಳೆ ಕೈಕೊಟ್ಟ ವರ್ಷ ಮನೆಯವರು ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋದಾಗ ಊರಲ್ಲಿ ಉಳಿದ ಮುದುಕಿಯರು ಏನನ್ನೂ ಮಾರಿಯಾರು. ನಾಲ್ಕನೆಯದು, ತೊಳೆಯುವ, ಹೊಲಿಯುವ ಕೆಲಸವನ್ನು ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕೊಟ್ಟು, ಕೂಲಿಯನ್ನು ವಾರದ ಕೊನೆಗೆ ತಪ್ಪದೆ ಮುಟ್ಟಿಸಬೇಕು.

ಬಂಡವಾಳದ ಮಾತನ್ನೂ ಆಡಿದೆವು. ಇಂಥ ಸಣ್ಣ ಉದ್ಯೋಗಕ್ಕೆ ಸಾಲದ ಹೊರೆ ದೊಡ್ಡದಾಗಬಾರದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಒತ್ತೆಯಿಲ್ಲದೆ ಸಾಲ ದೊರೆಯುತ್ತದೆ. ಅಷ್ಟರೊಳಗೆ ಆರಂಭಿಸಿದರೆ ಸೋತರೂ ಮನೆ ಉಳಿಯುತ್ತದೆ. ಗಿರಾಕಿಗಳು ಪುಣೆಯಲ್ಲಿಯೇ ಇರಬೇಕೆಂದಿಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹಲವು ರಾಜ್ಯಗಳ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಅನೇಕರಿಗೆ ಅಗ್ಗದ ಉಣ್ಣೆಯ ಕೋಟು ಬೇಕು, ಕೆಲವರಿಗೆ ಇಳಕಲ್ ಸೀರೆಯ ಸೊಗಸೂ ಬೇಕು. ಬಡವನಿಗೂ ಶೋಕಿಯವನಿಗೂ ಒಂದೇ ಅಂಗಡಿಯಲ್ಲಿ ಜಾಗವಿರಲಿ. ಶೋಕಿಯವನಿಂದ ಬಂದ ಲಾಭದಿಂದ ಬಡವನ ಅಂಗಿಯ ಬೆಲೆ ಇಳಿಯಲಿ. ಅದೇ ಈ ಅಂಗಡಿಯ ದಾಸೋಹ.

ಈ ಕಾಯಕಕ್ಕೆ ಲೋಕಹಿತದ ಇನ್ನೊಂದು ಮುಖವೂ ಇದೆ. ಒಂದು ಹತ್ತಿಯ ಅಂಗಿಯ ಹಿಂದೆ, ಹೊಲದಿಂದ ಹಿಡಿದು ಅಂಗಡಿಯವರೆಗೆ, ಸುಮಾರು 2,700 ಲೀಟರ್ ನೀರು ವೆಚ್ಚವಾಗುತ್ತದೆಂದು ಬಲ್ಲವರು ಅಂದಾಜು ಮಾಡಿದ್ದಾರೆ. ಬೇಸಿಗೆಯಲ್ಲಿ ಭೀಮೆ ಬತ್ತಿದಾಗ ಮೇಲಿನ ಉಜನಿ ಜಲಾಶಯದ ನೀರಿಗಾಗಿ ಮೊರೆಯಿಡುವ ನಮಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕೌಶಾಂಬಿಯ ಅರಸ ಉದಯನನು ಬುದ್ಧನ ಶಿಷ್ಯ ಆನಂದನನ್ನು, ‘ಐದುನೂರು ಚೀವರಗಳನ್ನು ಪಡೆದಿರುವಿರಂತೆ, ಏನು ಮಾಡುವಿರಿ?’ ಎಂದು ಕೇಳಿದ ಕಥೆಯೊಂದುಂಟು. ಹರಿದ ಚೀವರವುಳ್ಳ ಭಿಕ್ಷುಗಳಿಗೆ ಹಂಚುವೆವು. ಹಳೆಯವನ್ನು ಹಾಸಿಗೆಯ ಹೊದಿಕೆ ಮಾಡುವೆವು. ಅದು ಹಳತಾದರೆ ಕಾಲೊರಸು. ಅದೂ ಹರಿದರೆ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುವೆವು ಎಂದು ಆನಂದನು ಲೆಕ್ಕ ಒಪ್ಪಿಸಿದ. ಭಿಕ್ಷುವಾಗಲಿ ಜಂಗಮನಾಗಲಿ ಒಂದು ಬಟ್ಟೆಗೆ ಕೊನೆಯ ಎಳೆಯವರೆಗೆ ಲೆಕ್ಕ ಕೊಡಬೇಕಾದವನು. ಇಂದು ನಾವು ಎರಡು ಸಲ ತೊಟ್ಟು ಮೂಲೆಗೆ ಎಸೆಯುತ್ತೇವೆ. ಅನೇಕ ಪುಣ್ಯಕ್ಷೇತ್ರಗಳಲ್ಲಿ ಮಿಂದು ಉಟ್ಟ ಬಟ್ಟೆಯನ್ನು ನದಿಗೇ ಬಿಟ್ಟು ಬರುತ್ತೇವೆ. ನದಿಗೆ ಬಿಟ್ಟುದರಿಂದ ಪಾಪ ಹೋಗುವುದಿಲ್ಲ, ನದಿ ಕೆಡುತ್ತದೆ. ಆದರೆ ಒಂದು ಎಚ್ಚರಿಕೆ: ಹಳೆಯದೆಂಬ ಕಾರಣಕ್ಕೆ ಬೇಡವಾದುದನ್ನೂ ಕೊಂಡು ಪೆಟ್ಟಿಗೆ ತುಂಬಿದರೆ ಅದೂ ಲೋಭವೇ. ಹಳೆಯ ಬಟ್ಟೆಯ ಆಸೆ ಹೊಸ ಬಟ್ಟೆಯ ಆಸೆಗಿಂತ ಪವಿತ್ರವಾದುದೇನಲ್ಲ.

ತರುಣನು ಆ ಮಾತು ಕೇಳಿ ಮರುವಾರ ಅಫಜಲಪುರದ ಕಡೆಗೆ ಹೋದ. ಮುದುಕಿಯ ಎದುರಿಗೆ ಸೀರೆಯನ್ನಿಟ್ಟು ಅದರ ನಿಜವಾದ ಬೆಲೆಯನ್ನು ಹೇಳಿ, ಖರ್ಚು ಕಳೆದು ಮೂರು ಸಾವಿರ ಕೊಡುವೆನೆಂದ. ಅವಳು ಬಹಳ ಹೊತ್ತು ಸೆರಗನ್ನು ಸವರುತ್ತ ಕುಳಿತು, ‘ಅಷ್ಟು ಬಾಳತೈತಂದ್ರ ನಾ ಯಾಕ ಕೊಡ್ಲೆಪ್ಪಾ, ಮೊಮ್ಮಗಳಿಗಿರಲಿ’ ಎಂದು ಇನ್ನೂರ ಐವತ್ತನ್ನು ಎಣಿಸಿ ಹಿಂದಿರುಗಿಸಿದಳಂತೆ. ಮಠಕ್ಕೆ ಬಂದು ಅವನು ಇದನ್ನು ಹೇಳುವಾಗ ನಗುತ್ತಿದ್ದ. ಕಣ್ಣಿನಲ್ಲಿ ಸ್ವಲ್ಪ ನಿರಾಶೆಯೂ ಇತ್ತು. ‘ಸೀರೆ ಹೋತ್ರಿ ಬುದ್ಧಿ’ ಎಂದ. ಹೌದು, ಹೋಯಿತು. ಸತ್ಯ ಹೇಳಿದವನಿಗೆ ಪ್ರತಿಸಲವೂ ಲಾಭವಾಗುವುದೆಂದು ನಾವು ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ. ಅವನ ಅಂಗಡಿ ನಿಲ್ಲುವುದೋ ಬೀಳುವುದೋ ನಾವು ಅರಿಯೆವು. ಅವನು ಆ ರಾತ್ರಿ ಚೆನ್ನಾಗಿ ನಿದ್ರೆ ಮಾಡಿದನೆಂಬುದನ್ನು ಮಾತ್ರ ಬಲ್ಲೆವು.

ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಇಂಥ ಸಣ್ಣ ಉದ್ಯೋಗಗಳನ್ನು ಆರಂಭಿಸುವ ತರುಣ ತರುಣಿಯರು ಇನ್ನೂ ಅನೇಕರು ಬರುವರು. ಅವರು ಏನನ್ನು ಮಾರುತ್ತಾರೆ ಎಂದು ಮನೆಯವರು ಕೇಳದಿರಲಿ. ಹೇಗೆ ಕೊಳ್ಳುತ್ತಾರೆ, ಹೇಗೆ ಮಾರುತ್ತಾರೆ ಎಂದು ಕೇಳಲಿ. ಭಾಂಡೆಯ ಬುಟ್ಟಿ ಹೊತ್ತು ಬಾಗಿಲಿಗೆ ಬರುವ ತಾಯಿಗೆ ಇನ್ನು ಮೇಲೆ ನೀರನ್ನು ಒಳಗೆ ಕರೆದು ಕೊಡಲಿ. ಇಷ್ಟಾದರೆ ಈ ಬರಹ ಸಾರ್ಥಕವೆಂದು ಭಾವಿಸುತ್ತೇವೆ.